ಡ್ರಮ್ಮಿನ ಬದಿಯ ಕುಂಬಳಕಾಯಿ

ಕೂತಲ್ಲೇ ಕನಸು ಕಾಣುವವನನ್ನು ದೇವರು ಒಂಟಿಯಾಗಿ ಬಿಡುವುದಿಲ್ಲ. ಕನಸೇ ಕಾಣದ ಹೆಂಡತಿಯನ್ನೋ, ಹೇಳಿದ ಮಾತು ಕೇಳದ ನಾಯಿಯನ್ನೋ ಜೊತೆಗೆ ಕೊಡುತ್ತಾನೆ. ನನಗೆ ಎರಡನ್ನೂ ಕೊಟ್ಟ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಗದಗದ ಕಡೆಯಿಂದ ಫೋಂಡಾಕ್ಕೆ ಬಂದು ಲಾರಿ ಆಫೀಸೊಂದರಲ್ಲಿ ಗುಮಾಸ್ತನಾಗಿದ್ದೆ. ಸುಮತಿಬಾಯಿ ಎಂಬ ಗೋವೆಯ ಹೆಂಗಸಿನ ಹಿತ್ತಲ ಕಡೆಯ ಎರಡು ಕೋಣೆಗಳಲ್ಲಿ ಬಾಡಿಗೆಗೆ ಇದ್ದೆವು. ನಾನು, ಹೆಂಡತಿ ಶಾಂತಾ, ಮತ್ತು ಹುಬ್ಬಳ್ಳಿಯ ಲಾರಿಯ ತಾಡಪತ್ರಿಯೊಳಗೆ ಮಲಗಿಕೊಂಡು ಬಂದು ನನ್ನ ಕಾಲ ಬಳಿಯೇ ಇಳಿದ ನಾಯಿ ಬಂಡ್ಯಾ. ಮಕ್ಕಳಿಲ್ಲದ ಮನೆ. ಸಂಜೆ ನಾನು ಬಂದೆನೆಂದು ಮೈಮರೆತು ಕುಣಿಯುವ ಜೀವ ಅದೊಂದೇ ಆಗಿತ್ತು.

ಬಂಡ್ಯಾನಿಗೆ ಇದ್ದದ್ದು ಒಂದೇ ದುರ್ಗುಣ. ಬೆಳಿಗ್ಗೆ ಅವನನ್ನು ಬಯಲಿಗೆ ಕರೆದೊಯ್ದರೆ ನಾನು ಗೇರುಗುಡ್ಡದ ಮೇಲಿನ ಮಂಜು ನೋಡುತ್ತ ನಿಂತುಬಿಡುತ್ತಿದ್ದೆ. ಅವನೂ ಸಭ್ಯನಂತೆ ನನ್ನ ಪಕ್ಕದಲ್ಲೇ ನಿಂತು ಮಂಜು ನೋಡುತ್ತಿದ್ದ. ವಾಪಸು ಬಂದ ಮೇಲೆ ಸುಮತಿಬಾಯಿಯ ತುಳಸಿಕಟ್ಟೆಯ ಹತ್ತಿರ ಕೆಲಸ ಮುಗಿಸುತ್ತಿದ್ದ. ಬಾಯಿ ಕೊಂಕಣಿಯಲ್ಲಿ ಖಡಾಖಂಡಿತವಾಗಿ ಹೇಳಿದರು: ಚೌತಿಗೆ ಊರೆಲ್ಲ ಗಣಪತಿ ನೋಡಲು ಬರುತ್ತದೆ, ಅಷ್ಟರೊಳಗೆ ಈ ನಾತ ಹೋಗಬೇಕು, ಇಲ್ಲವೇ ನಾಯಿ ಹೋಗಬೇಕು.

ನಮ್ಮೂರ ತಿಪ್ಪೆಯಲ್ಲಿ ಏನು ಹಾಕಿದರೂ ಗೊಬ್ಬರವಾಗುತ್ತದೆ, ಬಂಡ್ಯಾನದು ಮಾತ್ರ ಏನು ಪಾಪ ಮಾಡಿದೆ ಎಂದು ಯೋಚಿಸಿದೆ. ಆಫೀಸಿನಲ್ಲಿ ಬಿದ್ದಿದ್ದ ಹಳೆಯ ಎಣ್ಣೆ ಡ್ರಮ್ಮಿನ ತಳ ಕತ್ತರಿಸಿ, ಸುತ್ತ ತೂತು ಹೊಡೆಸಿ, ಹಿತ್ತಲ ಮೂಲೆಯಲ್ಲಿ ಕುತ್ತಿಗೆವರೆಗೆ ಹೂತೆ. ದಿನವೂ ಬಂಡ್ಯಾನ ಪ್ರಸಾದವನ್ನು ಸಲಿಕೆಯಿಂದ ಎತ್ತಿ ಅದರಲ್ಲಿ ಹಾಕುವುದು, ಮೇಲೆ ಒಣ ಎಲೆ, ಹಿಡಿ ಮಣ್ಣು, ಸಗಣಿ ನೀರು, ಕೊನೆಗೆ ಮುಚ್ಚಳ. ಮಳೆಗಾಲ ಬರುವ ಹೊತ್ತಿಗೆ ನಾತ ನಿಂತೇಹೋಯಿತು. ಅಷ್ಟೇ ಅಲ್ಲ, ಶಾಂತಾ ಎಸೆದ ಬೀಜವೊಂದು ಡ್ರಮ್ಮಿನ ಬದಿಯಲ್ಲಿ ಮೊಳೆತು ಕುಂಬಳಬಳ್ಳಿಯಾಯಿತು. ಸಂಜೆ ಮಳೆ ನಿಂತಾಗ ಆ ಹಳದಿ ಹೂಗಳ ಮುಂದೆ ಬಂಡ್ಯಾನ ಜೊತೆ ಕೂತರೆ ನನಗೆ ಫೋಂಡಾವೂ ಬೇಡ, ಸ್ವರ್ಗವೂ ಬೇಡ. ಕಾಯಿಯೊಂದು ಡ್ರಮ್ಮಿನ ಅಂಚಿಗೆ ಒರಗಿಕೊಂಡೇ ಬೆಳೆಯಿತು. ಅದರ ಹೊಟ್ಟೆಯ ಮೇಲೆ ಬಿಲ್ಲಿನಂಥ ಗೆರೆ ಬಿದ್ದಿತು. ನೋಡುವುದೇನೋ ಸರಿ, ತಿನ್ನಲು ಮಾತ್ರ ನನಗೆ ಮನಸ್ಸು ಬರಲಿಲ್ಲ.

ಚೌತಿಯ ಹಿಂದಿನ ದಿನ ಬಂದು ನೋಡಿದರೆ ಕಾಯಿ ಇಲ್ಲ. ಬುಟ್ಟಿ ಹೊತ್ತು ಮನೆಮನೆಗೂ ಪೇಟೆಯಲ್ಲೂ ತರಕಾರಿ ಮಾರುವ ನಮ್ಮ ಕಡೆಯ ಬಸವ್ವನಿಗೆ ಕೊಟ್ಟು ಶಾಂತಾ ಮೆಂತೆಪಲ್ಲೆ ತೆಗೆದುಕೊಂಡಿದ್ದಳು. "ನೀವು ತಿನ್ನಂಗಿಲ್ಲ, ಬಾಯಿ ಮುಟ್ಟಂಗಿಲ್ಲ. ಕೊಳಿಸೂದಕ್ಕಿಂತ ಚಲೋ ಆತಲ್ರಿ" ಎಂದಳು.

ಮರುದಿನ ಬಾಯಿಯ ಮನೆಗೆ ಗಣಪತಿ ನೋಡಲು ಹೋದೆವು. ಗೋವೆಯಲ್ಲಿ ಗಣಪತಿಯ ತಲೆಯ ಮೇಲೆ ಮರದ ಚೌಕಟ್ಟು ತೂಗುಬಿಟ್ಟು ಹಣ್ಣು, ತರಕಾರಿ, ಕಾಡಿನ ಕಾಯಿಗಳನ್ನೆಲ್ಲ ಕಟ್ಟುತ್ತಾರೆ, ಮಾಟೊಳಿ ಎನ್ನುತ್ತಾರೆ. ಬಾಯಿ ಬಹಳ ಪ್ರಸನ್ನರಾಗಿದ್ದರು. ಅಂಗಳದಲ್ಲಿ ಒಂದಿಷ್ಟೂ ನಾತವಿಲ್ಲ, ನಾಯಿ ಇರಲಿ ಬಿಡು ಎಂದರು. ನನ್ನ ಕಣ್ಣು ತುಂಬಿ ಬಂತು. ಆಮೇಲೆ ಅವರು ಹೆಮ್ಮೆಯಿಂದ ಮೇಲೆ ತೋರಿಸಿ, ಪೇಟೆಯಲ್ಲಿ ನಾಲ್ಕು ಜನರೊಡನೆ ಜಗಳವಾಡಿ ತಂದೆ, ಕುಂಬಳಕಾಯಿ ಅಂದರೆ ಹೀಗಿರಬೇಕು, ನಿನ್ನ ಡ್ರಮ್ಮಿನ ಬಳಿ ಬಿಟ್ಟಿತ್ತಲ್ಲ, ಅದೂ ಒಂದು ಕಾಯಿಯೇನು ಎಂದರು. ನೋಡಿದೆ. ಹೊಟ್ಟೆಯ ಮೇಲೆ ಬಿಲ್ಲಿನಂಥ ಗೆರೆ. ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನದಿದ್ದರೂ ನನ್ನ ಕೈ ತಾನಾಗಿ ಹೆಗಲಿಗೆ ಹೋಯಿತು. ಶಾಂತಾಳನ್ನು ನೋಡಿದರೆ ಎಂದೂ ಇಲ್ಲದ ಭಕ್ತಿಯಿಂದ ಕಣ್ಣು ಮುಚ್ಚಿ ನಿಂತಿದ್ದಳು. ಬಾಯಿಬಿಟ್ಟರೆ ಬಂಡ್ಯಾ ಮತ್ತೆ ಹುಬ್ಬಳ್ಳಿ ಲಾರಿ ಹತ್ತಬೇಕು. "ಅಪ್ಪಾ, ನಿನ್ನ ತಲೆಯ ಮೇಲೇ ಇದೆ, ನೀನೇ ನೋಡಿಕೋ" ಎಂದು ಗಣಪತಿಗೆ ಮಾತ್ರ ಮನಸ್ಸಿನಲ್ಲೇ ಹೇಳಿಕೊಂಡೆ.

ಅವನು ನೋಡಿಕೊಂಡ. ವಿಸರ್ಜನೆಯಾದ ಮೇಲೆ ಬಾಯಿ ಮಾಟೊಳಿ ಬಿಚ್ಚಿ ಎಲ್ಲರಿಗೂ ಹಂಚಿದರು. ಗೆರೆಯಿದ್ದ ಅರ್ಧ ಹೋಳು ಪ್ರೀತಿಯಿಂದ ನಮಗೇ ಬಂತು. ಶಾಂತಾ ಬೆಲ್ಲ ಹಾಕಿ ಗಾರಿಗೆ ಕರಿದು ತಟ್ಟೆ ಮುಂದಿಟ್ಟಳು. "ಈಗಿದು ಪ್ರಸಾದ. ಬ್ಯಾಡ ಅನ್ನಾಕ ಬರಂಗಿಲ್ಲ, ತಿನ್ರಿ."

ಕಣ್ಣು ಮುಚ್ಚಿಕೊಂಡು ಒಂದು ತಿಂದೆ. ಸುಳ್ಳು ಯಾಕೆ ಹೇಳಲಿ, ಅಷ್ಟು ರುಚಿಯ ಗಾರಿಗೆಯನ್ನು ನಾನು ಜನ್ಮದಲ್ಲಿ ತಿಂದಿರಲಿಲ್ಲ. ತಟ್ಟೆ ಖಾಲಿ ಮಾಡಿ ಕೊನೆಯದನ್ನು ಬಂಡ್ಯಾನ ಮುಂದೆ ಇಟ್ಟೆ. ಅವನು ಅದನ್ನು ಮೂಸಿ ನೋಡಿದ. ಡ್ರಮ್ಮಿನ ಕಡೆ ಒಮ್ಮೆ ನೋಡಿದ, ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ ಮುಖ ತಿರುಗಿಸಿ ಮಲಗಿಬಿಟ್ಟ.