ಎಡಕ್ಕೇ ಎಳೆಯುವ ವಿಮಾನ

ಕೆಟ್ಟುಹೋದ ಯಂತ್ರವನ್ನು ರಿಪೇರಿ ಮಾಡುವುದು ಸುಲಭ. ಕೆಡದೇ ಇರುವ ಯಂತ್ರವನ್ನು ರಿಪೇರಿ ಮಾಡಿ ನೋಡಿ, ಆಗ ಗೊತ್ತಾಗುತ್ತದೆ. ಕೆಟ್ಟಿದ್ದರೆ ಎಲ್ಲೋ ಒಂದು ಸ್ಕ್ರೂ ಸಡಿಲ ಆಗಿರುತ್ತದೆ, ಒಂದು ವೈರು ಕಿತ್ತಿರುತ್ತದೆ. ಬಿಗಿ ಮಾಡಿ, ಕೈ ಒರೆಸಿಕೊಂಡು, ಬೀಡಿ ಹಚ್ಚಬಹುದು. ಕೆಡದೇ ಇದ್ದರೆ ಎಲ್ಲಿ ಅಂತ ಬಿಗಿ ಮಾಡುತ್ತೀರಿ? ನಾನು ಹಿರಿಯೂರಿನಲ್ಲಿ ಒಂದು ಫೈಟರ್ ಜೆಟ್ ವಿಮಾನವನ್ನು ಪೂರ್ತಿ ಬಿಚ್ಚಿ, ಗೋಣಿಚೀಲದ ಮೇಲೆ ಹರಡಿಕೊಂಡು, ತಲೆ ಮೇಲೆ ಕೈ ಹೊತ್ತು ಕೂತವನು. ನಗಬೇಡಿ. ವಿಮಾನ ನಿಜವಾದದ್ದಲ್ಲ, ಕಷ್ಟ ನಿಜವಾದದ್ದು.

ಆಗಿನ್ನೂ ಯುದ್ಧ ಮುಗಿದು ಬಹಳ ದಿನ ಆಗಿರಲಿಲ್ಲ. ಎಲ್ಲಿ ನೋಡಿದರೂ ವಿಮಾನದ್ದೇ ಮಾತು. ಚಿತ್ರದುರ್ಗದ ಖಾದರ್ ಸಾಬ್ರು ಊರೂರಿಗೆ ಡೇರೆ ಸಾಗಿಸಿ ರಿಂಗ್ ಎಸೆಯುವುದು, ಬಂದೂಕಿನಿಂದ ಬಲೂನು ಹೊಡೆಯುವುದು ಅಂತ ಆಟ ಆಡಿಸುತ್ತಿದ್ದವರು. ಅವರು ಎಲ್ಲಿಂದಲೋ ಒಂದು ಹಳೇ ಪೆಟ್ಟಿಗೆ ತಂದು 'ಫೈಟರ್ ಜೆಟ್: ನೀವೇ ಹಾರಿಸಿ' ಎಂದು ಬೋರ್ಡು ಬರೆಸಿದರು. ಪೆಟ್ಟಿಗೆಯ ಮುಂದೆ ಗಾಜು. ಗಾಜಿನ ಒಳಗೆ ಕಂಬಿಯ ತುದಿಯಲ್ಲಿ ತಗಡಿನ ಜೆಟ್. ಅದರ ಕೆಳಗೆ ಉರುಳೆಗಳ ಮೇಲೆ ಕ್ಯಾನ್ವಾಸು ಬಟ್ಟೆಯ ಪಟ್ಟಿ ಓಡುತ್ತದೆ, ಅದೇ ರನ್‌ವೇ. ಆಡುವವನು ಹೊರಗಡೆ ಸ್ಕೂಟರಿನ ಸೀಟಿನ ಮೇಲೆ ಕೂತು ಒಂದು ಕೋಲು ಹಿಡಿದುಕೊಳ್ಳಬೇಕು. ಕೋಲನ್ನು ತನ್ನ ಕಡೆಗೆ ಎಳೆದರೆ ಜೆಟ್ ಮೇಲೇಳುತ್ತದೆ. ಅತ್ತಿತ್ತ ವಾಲಿಸಿದರೆ ಅತ್ತಿತ್ತ ಹೋಗುತ್ತದೆ. ಪೆಟ್ಟಿಗೆಯ ಅಂಚಿಗೆ ತಗುಲಿತೋ, ಕೆಂಪು ಬಲ್ಬು ಹತ್ತಿಕೊಂಡು ಗಂಟೆ ಬಡಿದುಕೊಳ್ಳುತ್ತದೆ, ಆಟ ಖಲಾಸ್. ಹಳೇ ಪಟ್ಟಿ ಹರಿದಿತ್ತೆಂದು ಸಾಬ್ರು ಬೋರ್ಡು ಬರೆಯುವವನ ಕೈಲಿ ಹೊಸದು ಬರೆಸಿದ್ದರು. ಆ ಪುಣ್ಯಾತ್ಮ ಜನ್ಮದಲ್ಲಿ ರನ್‌ವೇ ಕಂಡವನಲ್ಲ. ಟಾರು ರಸ್ತೆ ಬರೆದು ಎರಡೂ ಕಡೆ ಸಾಲಾಗಿ ಹುಣಸೆ ಮರ ಬರೆದುಬಿಟ್ಟ. "ಇಮಾನಕ್ಕೆ ಮರ ಯಾಕಪ್ಪ?" ಅಂತ ಕೇಳಿದರೆ, "ನೆಳ್ಳು ಬ್ಯಾಡ್ವಾ?" ಅಂದ. ನಮ್ಮ ಜೆಟ್ ಚಳ್ಳಕೆರೆ ರಸ್ತೆಯಲ್ಲಿ ಹೊರಟ ಹಾಗೆ ಕಾಣುತ್ತಿತ್ತು.

ನಾನು ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕಿಕೊಂಡಿದ್ದವನು. ಸ್ಕೂಲು ನನಗೆ ಹಿಡಿಸಲಿಲ್ಲ, ಸ್ಕೂಲಿಗೆ ನಾನು ಹಿಡಿಸಲಿಲ್ಲ. ಸಾಬ್ರು ಕೆಲಸಕ್ಕೆ ಕರೆದಾಗ ನಮ್ಮವ್ವ ಬೀದಿಗೆಲ್ಲ "ನಮ್ ತಿಪ್ಪೇಶ ಇಮಾನದ ಕೆಲ್ಸಕ್ಕೆ ಸೇರ್ಯಾನೆ" ಎಂದು ಸಾರಿಕೊಂಡು ಬಂದಳು. ಸಾಬ್ರು ನನಗೊಂದು ಮಾತು ಬಾಯಿಪಾಠ ಮಾಡಿಸಿದ್ದರು: "ಮಾನ್ಯರೇ, ಈಗ ವೇಗ ಬಂದಿದೆ. ದಯವಿಟ್ಟು ಕೋಲನ್ನು ತಮ್ಮ ಕಡೆಗೆ ಎಳೆದುಕೊಂಡು ವಿಮಾನವನ್ನು ಮೇಲಕ್ಕೆ ಎತ್ತಿರಿ." ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಜೆಟ್ ದಾವಣಗೆರೆ ಮುಟ್ಟಿರುತ್ತದೆ. ಮಾತಿಗೆ ಜರತಾರಿ ಅಂಚು ಹೊಲಿಯುವುದು ನನ್ನಿಂದ ಆಗದ ಕೆಲಸ. ಕತ್ತರಿಸಿ ಒಂದೇ ಮಾತಿಗೆ ತಂದೆ. ಹಿರಿಯರಾದರೆ "ಎತ್ರಿ!" ನನ್ನ ಓರಗೆಯವರಾದರೆ "ಎತ್ತು!" ಅಷ್ಟೇ.

ವಿಮಾನವನ್ನು ಮೊದಲ ಸಲ ಆಟಕ್ಕಿಟ್ಟದ್ದು ಹಿರಿಯೂರಿನಲ್ಲಿ. ಡೇರೆ ಹಾಕಿದ ದಿನದಿಂದಲೇ ಕಾಟ ಶುರುವಾಯಿತು. ರಸ್ತೆ ಓಡುತ್ತದೆ, ವೇಗ ಬರುತ್ತದೆ, ಇನ್ನೇನು ಮೇಲೇಳಬೇಕು, ಆಗ ಜೆಟ್ ಸರಕ್ಕನೆ ಎಡಕ್ಕೆ ಹೋಗಿ ಅಂಚಿಗೆ ಬಡಿಯುತ್ತದೆ. ಒಬ್ಬ ಹುಡುಗನಿಗಾದರೆ ಕೈ ಸರಿಯಿಲ್ಲ ಅನ್ನಬಹುದು. ಕೂತ ಹುಡುಗರಿಗೆಲ್ಲ ಅದೇ, ಯಾವಾಗಲೂ ಎಡಕ್ಕೇ. ನಿಂತು ನೋಡುವವರಿಗೆ ಇದೇ ತಮಾಷೆಯಾಯಿತು. "ಎಡಗಡೆ ಹೆಂಡದಂಗ್ಡಿ ಐತೇನ್ಲೇ? ಬಿಟ್ರೆ ಅಲ್ಲಿಗೇ ಹೋಗ್ತೈತೆ!" ಎಂದು ಒಬ್ಬ ಕೂಗಿದ. ಸಾಬ್ರು ನಗಲಿಲ್ಲ. "ನೋಡು ತಿಪ್ಪೇಶ, ಇಲ್ಲಿಂದ ಹೊಸದುರ್ಗಕ್ಕೆ ಹೋಗ್ಬೇಕು. ಅಷ್ಟ್ರೊಳಗೆ ಇದು ನೆಟ್ಟಗೆ ಮೇಲೆದ್ರೆ ನೀನು, ಇಮಾನ, ಇಬ್ರೂ ಲಾರಿ ಹತ್ರಿ. ಇಲ್ದಿದ್ರೆ ಇದು ಗುಜ್ರಿಗೆ, ನೀನು ಸೈಕಲ್ ಶಾಪಿಗೆ" ಅಂದರು. ಪಂಕ್ಚರ್ ಹಾಕುವುದು ಕೀಳು ಕೆಲಸ ಅಂತಲ್ಲ. ಆದರೆ ವಿಮಾನದಿಂದ ಇಳಿದು ಹೋಗಿ ಸೈಕಲ್ ಟ್ಯೂಬನ್ನು ನೀರಿನ ಬಾಣಲೆಗೆ ಅದ್ದುವವನ ಮುಖವನ್ನು ಬೀದಿಯವರು ನೋಡುವ ರೀತಿ ಇದೆಯಲ್ಲ, ಅದನ್ನು ನೆನೆದರೇ ಬೆವರು ಬರುತ್ತಿತ್ತು.

ಬಿಚ್ಚಿದೆ. ಕೋಲಿನಿಂದ ಜೆಟ್‌ಗೆ ಹೋಗುವ ವೈರುಗಳು ಸೈಕಲ್ಲಿನ ಬ್ರೇಕ್ ವೈರುಗಳೇ, ಅವು ನನಗೆ ಹೊಸದಲ್ಲ. ಬದಲಾಯಿಸಿದೆ. ಉರುಳೆಗೆ ಎಣ್ಣೆ ಬಿಟ್ಟೆ. ಪೆಟ್ಟಿಗೆಯ ಮೇಲೆ ನೀರು ತುಂಬಿದ ತಟ್ಟೆ ಇಟ್ಟು ವಾಲಿದೆಯಾ ನೋಡಿ, ಎಡಗಾಲಿನ ಕೆಳಗೆ ಹೆಂಚಿನ ಚೂರು ಕೊಟ್ಟೆ. ಆಮೇಲೆ ನಾನೇ ಕೂತು ಹಾರಿಸಿದರೆ ಜೆಟ್ ಪಾರಿವಾಳದ ಹಾಗೆ ನೆಟ್ಟಗೆ ಏಳುತ್ತದೆ! ಗಿರಾಕಿ ಕೂತರೆ ಮತ್ತೆ ಎಡಕ್ಕೆ. ಸಿಟ್ಟು ಬಂದು, ಎಡಕ್ಕೆ ಹೋಗುವುದಾದರೆ ಬಲಕ್ಕೇ ಎಳೆದು ಕಟ್ಟೋಣ ಎಂದು ಬಲಗಡೆ ವೈರು ಬಿಗಿ ಮಾಡಿದೆ. ಆಗಲೇ ಒಬ್ಬರು ಮೇಷ್ಟ್ರು ಬಂದು ಕೂರಬೇಕೆ! ಕೋಲು ನೆಟ್ಟಗೆ ಹಿಡಿದಿದ್ದರೂ ಬಲಗಡೆಯ ಹುಣಸೆ ಮರಗಳ ಮೇಲೆ ನುಗ್ಗಿಸಿಕೊಂಡು ಹೋದರು. "ಏನಯ್ಯಾ, ಯುದ್ಧ ಯಾರ ಮೇಲೆ? ಮರಗಳ ಮೇಲೋ?" ಎಂದರು. ವೈರು ಮೊದಲಿನ ಹಾಗೆ ಮಾಡಿಕೊಟ್ಟೆ. ಮೇಷ್ಟ್ರು ಸಲೀಸಾಗಿ ಮೇಲಕ್ಕೆ ಹೋದರು. ಓಹೋ, ಓದಿದವರಿಗೆ ಏಳುತ್ತದೆ ಅಂದುಕೊಂಡೆ. ಹಿಂದೆಯೇ ಹೆಬ್ಬೆಟ್ಟಿನ ಅಜ್ಜ ಒಬ್ಬ ಕೂತು, "ಅಯ್ಯಯ್ಯೋ ಎದ್ದೇಬಿಡ್ತಲ್ಲೋ ಮುಂಡೇದು!" ಎಂದು ಕುಣಿದಾಡುತ್ತಾ ಹಾರಿಸಿದ. ಅಲ್ಲಿಗೆ ಓದಿನ ಲೆಕ್ಕವೂ ಹೋಯಿತು. ವಯಸ್ಸಾದವರಿಗೆ ಏಳುತ್ತದೆ, ಹುಡುಗರಿಗೆ ಎಡಕ್ಕೆ ಹೋಗುತ್ತದೆ. ಇಂಥ ಮರ್ಯಾದಸ್ಥ ಯಂತ್ರವನ್ನು ನಾನು ಕಂಡಿರಲಿಲ್ಲ.

ಹಿರಿಯೂರಿನಲ್ಲಿ ಕೊನೆಯ ದಿನ. ಸಾಬ್ರು ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದರು. ಕುರಿ ಮಾರಲು ಸಂತೆಗೆ ಬಂದಿದ್ದ ಹರಿಯಬ್ಬೆ ಹಳ್ಳಿಯ ಹುಡುಗನೊಬ್ಬ, ಹೆಗಲ ಮೇಲೆ ಕಂಬಳಿ, ನನ್ನದೇ ವಯಸ್ಸು, ಬಂದು ಕೂತ. ಮೋಟರ್ ಹಾಕಿದೆ. ರಸ್ತೆ ಓಡಿತು, ಮರಗಳು ಓಡಿದವು. "ಎತ್ತು! ಎತ್ತು!" ಎಂದು ಗಂಟಲು ಹರಿಯುವಂತೆ ಕೂಗಿದೆ. ಅವನು ಕೋಲನ್ನು ಎಡಕ್ಕೆ ಕೆಡವಿದ. ಕೆಂಪು ಬಲ್ಬು. ಗಂಟೆ. ಹುಡುಗ ಎದ್ದು ನಿಂತು ನನ್ನನ್ನೇ ದುರುಗುಟ್ಟಿ ನೋಡಿದ.

"ಎಲ್ಲೈತಲೇ?"

"ಏನು?"

"ಎತ್ತು! ಎತ್ತು ಎತ್ತು ಅಂತ ಬಾಯ್ ಬಡ್ಕಂಡ್ಯಲ್ಲ, ಎಲ್ಲೈತೆ? ಅಡ್ಡ ಬಂತೇನೋ ಅಂತ ಎಡಕ್ಕೆ ತಗಂಡೆ. ಒಂದು ಬಾಲಾನೂ ಕಾಣ್ಲಿಲ್ಲ!"

"ಆ ಎತ್ತಲ್ಲ ಕಣಲೇ! ಮ್ಯಾಕೆ, ಮ್ಯಾಕೆ ಅಂದೆ!"

"ಈಗ ಮ್ಯಾಕೇನೂ ಬಂತಾ?" ಎಂದು ಅವನು ಗಾಜಿನೊಳಗೆ ಬಗ್ಗಿ ನೋಡಿದ. "ರೋಡ್ ಬರ್ದೀರಿ, ಮರ ಬರ್ದೀರಿ, ಎತ್ತು ಬಂತು ಅಂತ ಕೂಗ್ತೀರಿ. ಗಾಡಿ ಹೊಡೆಯೋನು ಎಡಕ್ಕೆ ತಗಣ್ದೆ ಇನ್ನೇನು ಹಾಯಿಸ್ಕಂಡು ಹೋಗ್ಬೇಕಾ?"

ಸಾಬ್ರು ಹೊಟ್ಟೆ ಹಿಡಿದುಕೊಂಡು ಬಲೂನು ಹೊಡೆಯುವ ಹಲಗೆಗೆ ಒರಗಿ ನಕ್ಕರು. ನಾನು ನಗುವ ಸ್ಥಿತಿಯಲ್ಲಿ ಇರಲಿಲ್ಲ. ಅಷ್ಟು ದಿನ ಬಿಚ್ಚಿ ಕಟ್ಟಿದ ವೈರುಗಳೆಲ್ಲ ನನ್ನ ಕಣ್ಣ ಮುಂದೆ ಬಂದವು. ಹಿರಿಯರಿಗೆ "ಎತ್ರಿ" ಅಂದಿದ್ದೆ. ಎತ್ರಿ ಎಂಬ ದನ ಯಾವ ಕೊಟ್ಟಿಗೆಯಲ್ಲೂ ಇಲ್ಲ. ಅದಕ್ಕೇ ಅವರು ಮೇಲಕ್ಕೆ ಹೋಗಿದ್ದರು. "ಕೂರ್ಸು ಅವನ್ನ ಇನ್ನೊಂದ್ಸಲ" ಎಂದರು ಸಾಬ್ರು ಕಣ್ಣೊರೆಸಿಕೊಳ್ಳುತ್ತಾ, "ಮರ್ಯಾದೆ ಕೊಟ್ಟು ಹೇಳು." ನನ್ನದೇ ವಯಸ್ಸಿನವನಿಗೆ, ಅದೂ ಈಗಷ್ಟೇ ಬೈದವನಿಗೆ ರೀ ಅನ್ನುವುದೆಂದರೆ ನಾಲಿಗೆಗೆ ಮುಳ್ಳು ಚುಚ್ಚಿದ ಹಾಗೆ. ಆದರೆ ಹೊಸದುರ್ಗದ ಲಾರಿ ಕಣ್ಣ ಮುಂದೆ ಇತ್ತು. ವೇಗ ಬಂದಾಗ ಕಣ್ಣು ಮುಚ್ಚಿ "ಎತ್ರಿ!" ಎಂದೆ. ಜೆಟ್ ನೆಟ್ಟಗೆ, ಅಂಚು ಮುಟ್ಟದೆ, ಹುಣಸೆ ಮರಗಳನ್ನು ಬಿಟ್ಟು ಮೇಲಕ್ಕೆ ಹೋಯಿತು.

ಆಟ ಮುಗಿದರೂ ಹುಡುಗ ಏಳಲಿಲ್ಲ. "ಇನ್ನೊಂದ್ಸಲ ಅನ್ನಪ್ಪ" ಎಂದ.

"ಏನು?"

"ಅದೇ, ಎತ್ರಿ ಅಂತ. ನಂಗೆ ಯಾರೂ ಹಂಗೆ ಅಂದಿಲ್ಲ."

ಆ ಸಂಜೆ ಹಿರಿಯೂರಿನ ಹುಡುಗರೆಲ್ಲ ಸಾಲು ನಿಂತರು. ವಿಮಾನಕ್ಕಿಂತ ಹೆಚ್ಚಾಗಿ ರೀ ಅನ್ನಿಸಿಕೊಳ್ಳುವುದಕ್ಕೇ ಬಂದವರೇ ಜಾಸ್ತಿ ಇರಬೇಕು. ಒಬ್ಬೊಬ್ಬನೂ ಎದೆ ಉಬ್ಬಿಸಿಕೊಂಡು ಇಳಿದು ಹೋಗುತ್ತಿದ್ದ. ನೋಡಿ ನೋಡಿ ನನಗೂ ನಾಲಿಗೆಯ ಮುಳ್ಳು ಹೋಗಿತ್ತು. ಮರುದಿನ ವಿಮಾನ ಲಾರಿ ಹತ್ತಿತು, ಪಕ್ಕದಲ್ಲಿ ನಾನೂ ಹತ್ತಿದೆ. ಸಾಬ್ರು ಖುಷಿಯಲ್ಲಿದ್ದರು. "ಇಷ್ಟು ದಿನ ಟೈಮ್ ಆದ್ಮೇಲೆ ನೀನು ಸ್ವಿಚ್ ಆರಿಸ್ತಿದ್ದೆ. ಇನ್ಮೇಲೆ ಇಮಾನ ಕೆಳಗೆ ತರಾದೂ ಗಿರಾಕಿಗೆ ಹೇಳ್ಕೊಡು" ಎಂದರು. ಇದು ನನಗೆ ಬಡ್ತಿ ಸಿಕ್ಕ ಹಾಗೇ ಅನ್ನಿಸಿತು.

ಹೊಸದುರ್ಗದಲ್ಲಿ ಮೊದಲ ಗಿರಾಕಿ ಬಿಳಿ ರುಮಾಲಿನ ಯಜಮಾನರು. "ಎತ್ರಿ" ಎಂದೆ, ಎತ್ತಿದರು. ಚೆನ್ನಾಗಿ ಹಾರಿಸಿದರು. ಹೊತ್ತಾಯಿತು. ನಾನು ಇದ್ದಬದ್ದ ಮರ್ಯಾದೆಯನ್ನೆಲ್ಲ ಸೇರಿಸಿ, "ಇಳೀರಿ ಯಜಮಾನ್ರೆ!" ಎಂದು ಕೂಗಿದೆ.

ಯಜಮಾನರು ಕೋಲು ಬಿಟ್ಟರು. ಸೀಟಿನಿಂದ ಇಳಿದರು. ಚಪ್ಪಲಿ ಮೆಟ್ಟಿಕೊಂಡು, "ಚೆನ್ನಾಗೈತಪ್ಪ" ಎಂದು ಬೆನ್ನು ತಟ್ಟಿ ಹೋದರು. ಗಾಜಿನೊಳಗೆ ಜೆಟ್ ಒಂದೇ ಹಾರುತ್ತಿತ್ತು. ಅಷ್ಟರಲ್ಲಿ ಸಾಲಿನಲ್ಲಿದ್ದ ಇನ್ನೊಬ್ಬರು ಬಂದು ಸೀಟಿನ ಮೇಲೆ ಕೂತಾಗಿತ್ತು. ನಾನು ಮೋಟರ್ ಆರಿಸಿ, ಸ್ವಿಚ್ಚಿನ ಮೇಲಿಂದ ಕೈ ತೆಗೆದು, ಅವರ ಪಕ್ಕದಲ್ಲಿ ಕೂತು, ನಿಧಾನಕ್ಕೆ ಶುರು ಮಾಡಿದೆ: "ನೋಡ್ರಿ ಸ್ವಾಮಿ, ನಾನು ಎತ್ರಿ ಅಂದಾಗ ಕೋಲನ್ನ ನಿಮ್ ಕಡೆಗೆ ಎಳ್ಕಂಡು ವಿಮಾನವನ್ನ ಮೇಲಕ್ಕೆ ಎತ್ರಿ. ನಾನು ಇಳಿಸ್ರಿ ಅಂದಾಗ ನೀವು ಇಳೀಬಾರ್ದು, ವಿಮಾನ ಇಳೀಬೇಕು, ಅಂದ್ರೆ ನೀವು ಕೂತಿದ್ದಂಗೇ ಇರ್ಬೇಕು, ಯಾಕಂದ್ರೆ..."

"ಎಷ್ಟ್ ಮಾತಾಡ್ತೀಯಪ್ಪಾ!" ಎಂದರು ಅವರು. "ಮೋಟ್ರು ಹಾಕು."