ಮೇಷ್ಟ್ರ ಮನೆ ಆಂಟೆನಾ

ಆಂಟೆನಾ ಹಾಕೋನ ಬದುಕೇ ಹಾಗೆ, ಮನೆ ಮೇಲೆ ಹತ್ತಿದ ಕೂಡಲೇ ಮನೆಯೊಳಗಿನ ಗುಟ್ಟೆಲ್ಲ ಗೊತ್ತಾಗಿಬಿಡುತ್ತೆ. ಬೀರೂರಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಜನ ನನ್ನನ್ನ ರೇಡಿಯೋ ಸಾಬ್ರು ಅನ್ನೋರು. ಎಂಬತ್ತರ ದಶಕದಲ್ಲಿ ಟಿವಿ ಬಂತು. ಸಿಗ್ನಲ್ ಬೆಂಗಳೂರಿಂದ ಬರಬೇಕು. ಕಂಬ ಎತ್ತರ ಇದ್ದಷ್ಟೂ ದೂರದ್ದು ಸಿಗುತ್ತೆ ಅನ್ನೋದು ಜನಕ್ಕೆ ಬೇಗ ತಿಳೀತು. ತಂತಿಯ ಕೆಳತುದಿ ಸರಿಯಾಗಿ ಕೂತಿರಬೇಕು ಅನ್ನೋದು ಮಾತ್ರ ಯಾರಿಗೂ ಬೇಡ. ಮೇಲಿನದು ಬೀದಿಗೆ ಕಾಣುತ್ತೆ, ಕೆಳಗಿನದು ಕಾಣಲ್ಲ. ಯೋಚನೆ ಮಾಡಿದ್ರೆ ನಮ್ಮ ಎಷ್ಟೋ ಕೆಲಸ ಹೀಗೇ ಇವೆ.

ದಿಕ್ಕು

ಅಜ್ಜಂಪುರದ ಒಬ್ಬ ಮೇಷ್ಟ್ರು ಕರೆಸಿದರು. ಮಗಳಿಗೆ ತರೀಕೆರೆಯಿಂದ ಸಂಬಂಧ ಬಂದಿತ್ತು. ಹುಡುಗನ ಫೋಟೋ ನೋಡಿ ಅವಳಿಗೂ ಇಷ್ಟವಾಗಿತ್ತು. ಆದರೆ ಮಧ್ಯಸ್ಥಗಾರ ಒಂದು ಮಾತು ಹೇಳಿ ಹೋಗಿದ್ದ: "ಅವ್ರದು ಟಿವಿ ಇರೋ ಮನೆ ಕಣ್ರೀ." ಅವತ್ತಿಂದ ಮೇಷ್ಟ್ರಿಗೆ ಊಟ ಸೇರ್ತಿರಲಿಲ್ಲ. ಸರಿಸಮ ಅಲ್ಲ ಅಂತ ಸಂಬಂಧ ತಪ್ಪಿಹೋದರೆ ಮಗಳ ಮುಖ ಹೆಂಗೆ ನೋಡೋದು?

"ಟಿವಿ ಎಲ್ಲಿ ಮೇಷ್ಟ್ರೇ?" ಅಂದೆ.

"ಬರುತ್ತಪ್ಪಾ. ಮೊದ್ಲು ಕಂಬ ನಿಲ್ಸು."

ನಿಲ್ಲಿಸಿ, ಆಂಟೆನಾನ ಬೆಂಗಳೂರಿನ ಕಡೆ, ಪೂರ್ವದಿಂದ ಒಂಚೂರು ದಕ್ಷಿಣಕ್ಕೆ, ತಿರುಗಿಸ್ತಿದ್ದೆ. ಅಂಗಳದಿಂದ ಮೇಷ್ಟ್ರ ತಾಯಿ ತಡೆದರು. "ಸಾಬ್ರೇ, ಮದುವೆ ಮಾತು ನಡೀತಿರೋ ಮನೆ. ಯಮನ ದಿಕ್ಕಿಗೆ ಮುಖ ಮಾಡ್ಬೇಡಿ."

"ಉತ್ತರಕ್ಕೆ ತಿರುಗಿಸಿದ್ರೆ ಏನೂ ಬರಲ್ಲ ಅಜ್ಜೀ."

"ದಕ್ಷಿಣಕ್ಕೆ ತಿರುಗಿಸಿದ್ರೆ ಏನ್ ಬರುತ್ತೆ? ಟಿವಿ ಎಲ್ಲಿದೆ?"

ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಉತ್ತರಕ್ಕೇ ತಿರುಗಿಸಿದೆ. ತಂತಿಯ ಕೆಳತುದಿಯನ್ನ ಕಿಟಕಿಯೊಳಗೆ ಬಿಟ್ಟು ರಾಗಿ ಡಬ್ಬದ ಹಿಡಿಗೆ ಕಟ್ಟಿದೆ.

ಬಂತಾ?

ಭಾನುವಾರ ಸಂಜೆ ಬೀದಿಯೋರೆಲ್ಲ ಚಾಪೆ ಹಿಡ್ಕೊಂಡು ಸಿನಿಮಾ ನೋಡೋಕೆ ಬಂದರಂತೆ. ಇದನ್ನ ಮೇಷ್ಟ್ರೇ ಆಮೇಲೆ ನನಗೆ ಹೇಳಿದ್ದು. ಬಾಗಿಲಿಗೆ ಅಡ್ಡ ನಿಂತು, "ಸಿಗ್ನಲ್ ಸಿಗ್ತಿಲ್ಲ" ಅಂದುಬಿಟ್ಟರು. ಅಷ್ಟೇ ಸಾಕಾಯ್ತು. ಎದುರುಮನೆ ಈರುಳ್ಳಿ ವ್ಯಾಪಾರಿ ಪಂಚೆ ಎತ್ತಿ ಕಟ್ಟಿ ಹೆಂಚಿನ ಮೇಲೆ ಹತ್ತಿದ.

ಕಂಬ ಒಂಚೂರು ತಿರುಗಿಸಿ, "ಬಂತಾ ಮೇಷ್ಟ್ರೇ?" ಅಂದ.

ಮೇಷ್ಟ್ರು ಒಳಗೆ ಹೋಗಿ ರಾಗಿ ಡಬ್ಬದ ಮುಂದೆ ಕೂತು, "ಇನ್ನೂ ಇಲ್ಲ" ಅಂದರು.

"ಈಗ?"

"ಈಗ್ಲೂ ಇಲ್ಲ."

ಕತ್ತಲಾಗೋವರೆಗೂ ಇದೇ ನಡೀತು. ಹೆಂಚೂ ಒಡೆದವು. ಪಾಪ, ಇಷ್ಟು ಕಷ್ಟಪಟ್ಟೋನಿಗೆ ಬೇಜಾರಾಗಬಾರದು ಅಂತ ಮೇಷ್ಟ್ರು ಕೊನೆಗೆ, "ಸ್ವಲ್ಪ ಶಬ್ದ ಬಂದಂಗಾಯ್ತು" ಅಂದರು. ಮಾರನೇ ದಿನದಿಂದ ಆ ವ್ಯಾಪಾರಿಯ ಕೈಗುಣಕ್ಕೆ ಊರಲ್ಲಿ ಹೆಸರಾಗಿ, ನನ್ನನ್ನ ಕರೆಯೋರೇ ಕಮ್ಮಿಯಾದರು.

ಗಂಡಿನವರು

ಗಂಡಿನವರು ಬರೋ ದಿನ ಮೇಷ್ಟ್ರು ನನ್ನನ್ನ ಮನೆ ಮೇಲೆ ಕೂರಿಸಿದ್ದರು, ಕೇಳಿದರೆ ರಿಪೇರಿ ನಡೀತಿದೆ ಅನ್ನೋಕೆ. ಉಪ್ಪಿಟ್ಟು ಕಾಫಿ ಆಯ್ತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿದ್ದೂ ಆಯ್ತು. ಆಗ ಗಂಡಿನ ತಂದೆ, "ಟಿವಿ ಹಾಕಿ ಮೇಷ್ಟ್ರೇ, ವಾರ್ತೆ ಕೇಳೋಣ" ಅಂದರು.

"ಸಿಗ್ನಲ್ ಸ್ವಲ್ಪ..." ಅಂತ ಮೇಷ್ಟ್ರು ತಡವರಿಸಿದರು.

"ನಾನ್ ನೋಡ್ತೀನಿ ಬಿಡಿ" ಅಂತ ಹುಡುಗ ಏಣಿ ಹತ್ತಿ ಬಂದೇಬಿಟ್ಟ. ಆಂಟೆನಾ ನೋಡಿ, "ಬೆಂಗಳೂರು ಆ ಕಡೆ ಅಲ್ವಾ ಸಾಬ್ರೇ?" ಅಂದ. ನಾನು ಅಲ್ಲಾಹನ ಮೇಲೆ ಭಾರ ಹಾಕಿ ಪಕ್ಕಕ್ಕೆ ಸರಿದೆ. ಅವನು ತಿರುಗಿಸಿ ಕೂಗಿದ: "ಬಂತಾ?"

"ಇನ್ನೂ ಇಲ್ಲ" ಅಂದರು ಮೇಷ್ಟ್ರು, ಒಳಕೋಣೆಯಿಂದ.

"ಈಗ ಬಂತಾ?"

ಈ ಸಲ ಹುಡುಗಿಯೇ ಅಂಗಳಕ್ಕೆ ಬಂದು ಮೇಲೆ ನೋಡಿ ಹೇಳಿದಳು: "ಟಿವಿ ಇಲ್ಲ ಕಣ್ರೀ. ಕಂಬ ಮಾತ್ರ ಇರೋದು. ನೀವು ಬೇಡ ಅಂದ್ಬಿಡ್ತೀರೇನೋ ಅಂತ ನಮ್ಮಪ್ಪ ಹೆದರ್ಕೊಂಡು ಹಾಕ್ಸಿದ್ದು. ಇಳೀರಿ, ಬಿದ್ದೀರ."

ಹುಡುಗ ನಗೋದೋ ಬೇಡವೋ ತಿಳೀದೆ ಹೆಂಚಿನ ಮೇಲೇ ಕೂತ.

ಗಂಡಿನ ತಂದೆ ಲೋಟ ಕೆಳಗಿಟ್ಟರು. "ಕಂಬ ಎಷ್ಟಡಿ ಮೇಷ್ಟ್ರೇ?"

"ಇಪ್ಪತ್ತು" ಅಂದರು ಮೇಷ್ಟ್ರು, ತಲೆ ತಗ್ಗಿಸಿ.

"ನಮ್ದು ಮೂವತ್ತು. ತಂತಿ ಅಕ್ಕಿ ಮೂಟೆಗೆ ಕಟ್ಟಿದೀವಿ."