ತಂತಿಯ ಕೆಳಗೆ ಜಾಗ ಖಾಲಿ ಉಂಟು

ಕರೆಂಟಿನ ದೊಡ್ಡ ತಂತಿಯ ಕೆಳಗೆ ಖಾಲಿ ಜಾಗ ಕಂಡರೆ ನಮ್ಮ ಮಂಗಳೂರಿನವರಿಗೆ ಕೈ ತುರಿಸುತ್ತದೆ. ಅವರಿಗೆ ಕೈ ತುರಿಸುತ್ತಿದೆ ಎಂದು ನೆನೆದರೆ ಸಾಕು, ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಹಾಗಾಗಿ ನನ್ನ ನೌಕರಿಯಲ್ಲಿ ನಗುವ ಸಂಗತಿಗಳಿಗೆ ಬರಗಾಲವಿಲ್ಲ. ಆಗುವ ಹೊತ್ತಿಗೆ ಮಾತ್ರ ನಗು ಬರುವುದಿಲ್ಲ, ಅಷ್ಟೆ.

ನಾನು ಲೈನ್ ಇನ್‌ಸ್ಪೆಕ್ಟರ್. ಟವರಿನಿಂದ ಟವರಿಗೆ ಹೋಗುವ ಒಂದು ಲಕ್ಷದ ಹತ್ತು ಸಾವಿರ ವೋಲ್ಟಿನ ಲೈನಿನ ಅಡಿಯಲ್ಲಿ ನಡೆಯುವುದು ನನ್ನ ಕೆಲಸ. ನಿಯಮವೇನೋ ಸರಳ. ತಂತಿಯ ಕೆಳಗೆ, ಅದರ ಎರಡೂ ಬದಿಯ ಪಟ್ಟಿಯಲ್ಲಿ ಗದ್ದೆ ಮಾಡಬಹುದು, ಬೆಂಡೆ ಮಲ್ಲಿಗೆ ಬೆಳೆಸಬಹುದು, ದನ ಮೇಯಿಸಬಹುದು. ಮನೆ, ಶೆಡ್, ಕಂಬ, ಎತ್ತರಕ್ಕೆ ಹೋಗುವ ಮರ ಕೂಡದು. ಆದರೆ ನಿಯಮ ಚಾಪೆ ಕೆಳಗೆ ತೂರಿದರೆ ನಮ್ಮವರು ರಂಗೋಲಿ ಕೆಳಗೆ ತೂರುವವರು.

ಮೊನ್ನೆಯ ಬೇಸಿಗೆಯಲ್ಲಿ ಕುಲಶೇಖರದಿಂದ ವಾಮಂಜೂರು ಕಡೆಗೆ ಹೋಗುವ ಲೈನಿನ ಹಳೆ ತಂತಿ ತೆಗೆದು ಹೊಸತು ಎಳೆದೆವು. ಒಂದೂವರೆ ತಿಂಗಳು ಲೈನಿನಲ್ಲಿ ಕರೆಂಟಿಲ್ಲ. ಶುಕ್ರವಾರ ಪುನಃ ಕರೆಂಟು ಬಿಡುವುದೆಂದು ನಿಶ್ಚಯವಾಯಿತು. ಅದಕ್ಕೆ ಮೊದಲು ಕೆಳಗಿನ ಜಾಗದವರೆಲ್ಲ 'ಅಡ್ಡಿ ಏನೂ ಇಟ್ಟಿಲ್ಲ, ಇಡುವುದೂ ಇಲ್ಲ' ಎಂದು ಮುಚ್ಚಳಿಕೆ ಬರೆದುಕೊಡಬೇಕು, ನಾನು ವರದಿ ಕೊಡಬೇಕು, ಅದರ ಮೇಲೆ ನಮ್ಮ ಸಾಹೇಬರ ಸಹಿ ಬೀಳಬೇಕು. ಒಂದು ಕಂಬ ಉಳಿದುಹೋಗಿ, ಅದನ್ನು ಯಾರಾದರೂ ಮುಟ್ಟಿದರೆ ಒಂದು ಜೀವ ಹೋಯಿತು. ವರದಿ ಬರೆದವನು ನಾನು. ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಉರ್ವದ ಮನೆಯಲ್ಲಿ ಊಟಕ್ಕೆ ಕೂತರೂ ಮನಸ್ಸು ಟವರಿನ ಬುಡದಲ್ಲಿರುತ್ತಿತ್ತು. "ಮೀನಿನ ಮುಳ್ಳನ್ನೂ ಎತ್ತಿ ಹಿಡಿದು ಅಳತೆ ನೋಡ್ಬೇಡಿ, ಊಟ ಮಾಡಿ" ಎಂದು ಹೆಂಡತಿ ಬೈಯುತ್ತಿದ್ದಳು.

೧. ಬೆಕ್ಕಿನ ದೂರು

ಕುಲಶೇಖರದಲ್ಲಿ ಗಲ್ಫಿನಿಂದ ಬಂದು ನೆಲೆಸಿದವರೊಬ್ಬರು ತಂತಿಯ ಕೆಳಗೇ ಕಾರಿಗೆ ತಗಡು ಶೀಟಿನ ಶೆಡ್ ಹಾಕಿದ್ದರು. ಕಟ್ಟಡ ಕೂಡದು ಎಂದೆ.

"ಕಟ್ಟಡ ಎಲ್ಲಿ ಉಂಟು?" ಎಂದು ಅವರು ಸುತ್ತ ನೋಡಿದರು. "ಒಂದು ಕಲ್ಲು ಇಟ್ಟಿದ್ದೇನಾ? ಎಲ್ಲ ನಟ್ಟು ಬೋಲ್ಟು. ಬೇಕಾದ್ರೆ ಒಂದು ಗಂಟೆಯಲ್ಲಿ ಬಿಚ್ಚಿ ಮಡಚಿ ಇಡ್ಬಹುದು."

"ಹಾಗಾದ್ರೆ ಬಿಚ್ಚಿ."

"ಬೇಕಾದ್ರೆ ಅಂತ ಹೇಳಿದ್ದು. ಈಗ ಯಾರಿಗೆ ಬೇಕು?"

ನಾನು ತಾಳ್ಮೆಯಿಂದ ಕೂತು ವಿವರಿಸಿದೆ. ಮೇಲೆ ಅಷ್ಟು ವೋಲ್ಟಿನ ತಂತಿ ಇದ್ದಾಗ, ಮುಟ್ಟದೆಯೇ ಕೆಳಗಿನ ತಗಡಿನಲ್ಲಿ ಕರೆಂಟು ತುಂಬಿಕೊಳ್ಳುತ್ತದೆ, ಕೈ ಇಟ್ಟರೆ ಹೊಡೆಯುತ್ತದೆ ಎಂದೆ. ಅವರ ಮುಖ ಅರಳಿತು.

"ಓ, ಅದುವಾ? ಅದು ನನಗೆ ಗೊತ್ತುಂಟು. ಮುಟ್ಟಿದ್ರೆ ಜುಂ ಅಂತದೆ. ಅದರಿಂದ ನನಗೆ ಎಷ್ಟು ಉಪಕಾರ ಗೊತ್ತುಂಟಾ? ಊರಿನ ಬೆಕ್ಕುಗಳು ಶೀಟಿನ ಮೇಲೆ ಕಾಲಿಡ್ತಾ ಇರ್ಲಿಲ್ಲ, ಕಾರು ಕ್ಲೀನ್. ನೀವು ಲೈನ್ ಆಫ್ ಮಾಡಿದ ಮೇಲೆ ನೋಡಿ, ಶೀಟಿನಿಂದ ಬಾನೆಟ್ಟಿಗೆ ಹಾರುದು, ಅಲ್ಲಿಯೇ ಮಲಗುದು. ಪೈಂಟೆಲ್ಲ ಗೀಚಿ ಹೋಗಿದೆ ಮಾರಾಯ್ರೆ."

ನಾನು ಮುಚ್ಚಳಿಕೆ ಮುಂದಿಟ್ಟೆ. 'ತಂತಿಯ ಕೆಳಗೆ ಶೆಡ್ ಇಲ್ಲ' ಎಂಬ ಸಾಲಿನ ಕೆಳಗೆ, ಶೆಡ್ಡಿನ ನೆರಳಿನಲ್ಲಿ ಕೂತು, ಅವರು ಚಂದದ ಸಹಿ ಹಾಕಿದರು. ಗೇಟಿನ ತನಕ ಬಂದು ನನ್ನ ಕೈ ಹಿಡಿದುಕೊಂಡರು.

"ದಯಮಾಡಿ ಶುಕ್ರವಾರದಿಂದ ಮುಂದೆ ಹಾಕ್ಬೇಡಿ. ಬೆಕ್ಕು ಮರಿ ಇಟ್ಟೀತು."

೨. ಔಟ್

ವಾಮಂಜೂರಿನಲ್ಲಿ ಎರಡು ಟವರುಗಳ ನಡುವೆ, ಗದ್ದೆ ಬಿಟ್ಟು ಹಾಳಾದ ಒಂದು ಪಟ್ಟಿ ಇದೆ. ಅಲ್ಲಿ ಯುವಕ ಮಂಡಲದವರು ಅಂಡರ್‌ಆರ್ಮ್ ಕ್ರಿಕೆಟ್ ಟೂರ್ನಿಗೆಂದು ನಾಲ್ಕು ಮೂಲೆಗೆ ನಾಲ್ಕು ಕಬ್ಬಿಣದ ಕಂಬ ನೆಟ್ಟು ಬಲೆ ಕಟ್ಟಿದ್ದರು. ದೂರದಿಂದ ನೋಡಿದವನೇ ಓಡಿದೆ. ಮಂಡಲದ ಅಧ್ಯಕ್ಷ ನನಗೊಂದು ಕುರ್ಚಿ ತಂದಿಟ್ಟ. ನನಗೆ ಕೂರುವ ಮನಸ್ಸಿರಲಿಲ್ಲ.

"ಕಂಬ ತೆಗೀರಿ. ಚೆಂಡು ತಂತಿಗೆ ಹೋಗ್ತದೆ. ಇಲ್ಲಿ ಆಟ ಆಡ್ಲಿಕ್ಕೆ ಇಲ್ಲ" ಎಂದೆ.

"ತಂತಿಯ ವಿಷಯ ನಾವು ಮೊದಲೇ ಯೋಚನೆ ಮಾಡಿದ್ದೇವೆ ಸರ್. ಅದಕ್ಕೆ ನಿಯಮ ಉಂಟು."

ನನಗೆ ಸಮಾಧಾನವಾಯಿತು. ಇಡೀ ಲೈನಿನಲ್ಲಿ ನಿಯಮ ಎಂಬ ಶಬ್ದ ನನ್ನ ಬಾಯಿಂದಲ್ಲದೆ ಬೇರೆಯವರ ಬಾಯಿಂದ ಬಂದದ್ದು ಅದೇ ಮೊದಲು. ಅವನು ಅಚ್ಚು ಹಾಕಿಸಿದ ಟೂರ್ನಿಯ ಹಾಳೆ ಕೊಟ್ಟ. ಆರನೆಯ ನಿಯಮ: ಚೆಂಡು ಟವರಿಗೆ ತಾಗಿದರೆ ಎರಡು ರನ್. ಏಳನೆಯದು: ಚೆಂಡು ತಂತಿಗೆ ತಾಗಿದರೆ ಬ್ಯಾಟ್ಸ್‌ಮನ್ ಔಟ್.

"ಔಟ್ ಆಗ್ತಾರೆಂದು ಯಾರೂ ಮೇಲೆ ಹೊಡೀಲಿಕ್ಕಿಲ್ಲ" ಎಂದ. "ಅಲ್ಲದೆ ಸರ್, ಆ ತಂತಿಗೆ ಹೊಡೀಲಿಕ್ಕೆ ಯಾರಿಂದ ಆಗ್ತದೆ? ಎಷ್ಟು ಎತ್ತರ ಉಂಟು ನೋಡಿ."

ಆಗುತ್ತದೆ ಎಂದು ತೋರಿಸಿಯೇ ಬಿಡಬೇಕು ಎಂಬ ಹಟ ನನಗೆ ಬಂತು. ವಯಸ್ಸು ಮರೆತುಹೋಯಿತು. ಬ್ಯಾಟ್ ಕೊಡಿ ಎಂದೆ. ಒಬ್ಬ ಕೆಳಗಿನಿಂದ ನಯವಾಗಿ ಎಸೆದ. ಎರಡು ಸಲ ಗಾಳಿಗೆ ಬೀಸಿದೆ. ಮೂರನೆಯ ಚೆಂಡು ಎಲ್ಲಿ ತಾಗಿತೋ ದೇವರೇ ಬಲ್ಲ, ನೇರ ಮೇಲೆ ಹೋಗಿ ನಡುವಿನ ತಂತಿಗೆ ಠಪ್ ಎಂದು ಹೊಡೆದು ಬಿತ್ತು. ಕರೆಂಟಿಲ್ಲದ ತಂತಿ, ಏನೂ ಆಗಲಿಲ್ಲ.

"ನೋಡಿದ್ರಾ?" ಎಂದು ನಾನು ಎದೆಯುಬ್ಬಿಸಿ ತಿರುಗಿದೆ. "ಶುಕ್ರವಾರದ ನಂತರ ಇದೇ ಬಲೆಯ ಕಂಬಕ್ಕೆ ತಂತಿಯಿಂದ ಬೆಂಕಿ ಹಾರಿದ್ರೆ ಯಾರು ಹೊಣೆ?"

ಅಧ್ಯಕ್ಷ ಗಂಭೀರವಾಗಿ ತಲೆಯಾಡಿಸಿದ, ಮುಚ್ಚಳಿಕೆಗೆ ಸಹಿ ಹಾಕಿದ, ಕಂಬ ನಾಳೆಯೇ ತೆಗೆಯುತ್ತೇವೆ ಎಂದ. ನಾನು ಗೆದ್ದೆ ಎಂದುಕೊಂಡು ಇನ್ನೊಂದು ಚೆಂಡು ಎಸೆಯಲು ಹೇಳಿದೆ. ಹಿಂದಿನಿಂದ ಅಂಪೈರ್ ಬಂದು ನನ್ನ ಕೈಯಿಂದ ಬ್ಯಾಟ್ ತೆಗೆದುಕೊಂಡ.

"ಏಳನೇ ನಿಯಮ, ಸರ್."

೩. ಗಿಡ್ಡ ತೆಂಗು

ನಾಳೆ ಬಂತು, ನಾಡಿದ್ದೂ ಬಂತು, ಕಂಬಗಳು ನಿಂತೇ ಇದ್ದವು, ಶೆಡ್ಡೂ ಇತ್ತು. ನನ್ನ ಚೀಲದಲ್ಲಿ ಮುಚ್ಚಳಿಕೆಗಳು ಮಾತ್ರ ಭದ್ರವಾಗಿದ್ದವು. ಕಾಲಿಗೆ ಚಕ್ರ ಕಟ್ಟಿಕೊಂಡವನ ಹಾಗೆ ನಾನು ಲೈನಿನ ಈ ತುದಿಯಿಂದ ಆ ತುದಿಗೆ ಸ್ಕೂಟರ್ ಓಡಿಸುತ್ತಿದ್ದೆ.

ಸಹಿ ಹಾಕದವರು ಇಡೀ ಲೈನಿಗೆ ಒಬ್ಬರೇ. ವಾಮಂಜೂರಿಗೆ ಸ್ವಲ್ಪ ಈಚೆ, ಒಂದು ಕಾಲದಲ್ಲಿ ಆಚೀಚೆಯ ಗದ್ದೆಗಳೆಲ್ಲ ಯಾರದಾಗಿದ್ದವೋ ಆ ದೊಡ್ಡ ಮನೆಯ ಅಮ್ಮ. ಅವರ ಅಂಗಳದ ಅಂಚಿನಲ್ಲಿ, ಸರಿಯಾಗಿ ತಂತಿಯ ಕೆಳಗೆ, ಒಂದು ತೆಂಗಿನ ಮರ.

"ಅದು ಗಿಡ್ಡ ತಳಿ" ಎಂದರು ಅಮ್ಮ.

"ಹೋದ ವರ್ಷಕ್ಕಿಂತ ಒಂದಾಳು ಎತ್ತರ ಬೆಳೆದಿದೆ ಅಮ್ಮ."

"ಮರ ಬೆಳೆದದ್ದಲ್ಲ. ನಿಮ್ಮ ತಂತಿ ಕೆಳಗೆ ಬಂದದ್ದು. ಚಳಿಗಾಲದಲ್ಲಿ ಮೇಲಿತ್ತು, ನಾನು ಜಗಲಿಯಲ್ಲಿ ಕೂತು ದಿನಾ ನೋಡ್ತೇನೆ."

ಕಷ್ಟವೆಂದರೆ ಅವರು ಹೇಳಿದ್ದೂ ಸುಳ್ಳಲ್ಲ. ಸೆಕೆಗೆ ತಂತಿ ಉದ್ದವಾಗಿ ಜೋಲುತ್ತದೆ. ಹಾಗೆಂದು ಒಪ್ಪಿಕೊಂಡರೆ ಮರ ಕಡಿಸುವುದು ಹೇಗೆ? ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನ ಹಾಗೆ ನಿಂತೆ.

"ಕಡಿಸ್ತೇನೆ" ಎಂದರು ಅಮ್ಮ ಕೊನೆಗೆ. "ಪೇಪರಿಗೆ ಸಹಿಯೂ ಹಾಕ್ತೇನೆ. ಒಂದು ಮಾತು ಮಾತ್ರ. ಅಲ್ಲಿ ನಮ್ಮ ದೈವದ ಕಟ್ಟೆ ಉಂಟಲ್ಲ, ಅದರ ಎದುರು ನಿಂತು, ತಂತಿ ಇನ್ನು ಕೆಳಗೆ ಬರುದಿಲ್ಲ ಅಂತ ನೀವು ಹೇಳಿ."

ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ನಾನು ಎಷ್ಟೋ ಕಾಗದಗಳಿಗೆ ಕಣ್ಣುಮುಚ್ಚಿ ಸಹಿ ಹಾಕಿದವನು. ಆದರೆ ದೈವದ ಎದುರು ಸುಳ್ಳು ಹೇಳಿ ದಕ್ಕಿಸಿಕೊಂಡವರು ನಮ್ಮ ಕಡೆ ಯಾರೂ ಇಲ್ಲ. ಚಪ್ಪಲಿ ಕಳಚಿ ಕಟ್ಟೆಯ ಎದುರು ನಿಂತೆ. ಬಾಯಿ ತೆರೆದೆ. ಏಪ್ರಿಲ್ ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿತ್ತು, ತಂತಿ ಕಣ್ಣೆದುರೇ ಜೋಲುತ್ತಿತ್ತು. ಬಾಯಿ ಮುಚ್ಚಿದೆ. ಚಪ್ಪಲಿ ಹಾಕಿಕೊಂಡೆ.

"ಎಂತ ಆಯ್ತು?" ಎಂದರು ಅಮ್ಮ.

"ಅಳತೆಯ ಟೇಪು ತರ್ಲಿಕ್ಕೆ ಮರೆತೆ, ಅಮ್ಮ."

೪. ಬಾಯಲ್ಲಿ ಹೇಳಿ

ಗುರುವಾರ. ಮರುದಿನ ಬೆಳಿಗ್ಗೆ ಕರೆಂಟು. ನಾನು ಬೆಳಿಗ್ಗೆಯೇ ಹೋಗಿ ಅಮ್ಮನ ಎದುರು ನಿಂತು ಉಳಿದವರ ಮುಚ್ಚಳಿಕೆಗಳನ್ನು ತೋರಿಸಿದೆ. "ನೋಡಿ, ಎಲ್ಲರೂ ಹಾಕಿದ್ದಾರೆ. ನಿಮ್ಮದೊಂದೇ ಬಾಕಿ."

"ಎಲ್ಲರೂ? ಹಾಗಾದ್ರೆ ಎಲ್ಲರೂ ಬರ್ಲಿ. ಪೇಪರಿನಲ್ಲಿ ಬರೆದದ್ದನ್ನು ಕಟ್ಟೆಯ ಎದುರು ಬಾಯಲ್ಲಿ ಹೇಳ್ಲಿ. ಅವರು ಹೇಳಿದ ಕೂಡಲೇ ನನ್ನ ಮರಕ್ಕೆ ಕೊಡಲಿ."

ಅಮ್ಮನ ಮಾತನ್ನು ಆ ಊರಿನಲ್ಲಿ ಈಗಲೂ ಯಾರೂ ತೆಗೆದುಹಾಕುವುದಿಲ್ಲ. ಫೋನು ಹೋಯಿತು, ಹತ್ತು ಗಂಟೆಗೆಲ್ಲ ಜನ ಸೇರಿದರು. ಗಲ್ಫಿನವರು ಸೆಂಟು ಹಾಕಿಕೊಂಡು ಬಂದರು, ಅಧ್ಯಕ್ಷ ಮಂಡಲದ ಜೆರ್ಸಿಯಲ್ಲೇ ಬಂದ. ಅಮ್ಮ ಕಟ್ಟೆಯಲ್ಲಿ ದೀಪ ಹಚ್ಚಿ ಬದಿಗೆ ಸರಿದರು.

ಗಲ್ಫಿನವರೇ ಮೊದಲು ಮುಂದೆ ಹೋದರು. ಕೈ ಮುಗಿದರು. "ತಂತಿಯ ಕೆಳಗೆ ನನ್ನ..." ಎಂದರು. ದೀಪ ನೋಡಿದರು. ನನ್ನ ಕಡೆಗೆ ತಿರುಗಿ ತಗ್ಗಿದ ದನಿಯಲ್ಲಿ, "ಹತ್ತು ಹನ್ನೆರಡರ ಸ್ಪ್ಯಾನರ್ ನಿಮ್ಮ ಸ್ಕೂಟರಿನಲ್ಲಿ ಉಂಟಾ?" ಎಂದು ಕೇಳಿದರು. ಕೊಟ್ಟೆ. ಹೊರಟೇಬಿಟ್ಟರು. ಅಧ್ಯಕ್ಷ ಮುಂದೆ ಹೋಗಲೇ ಇಲ್ಲ. ಗೇಟಿನ ಹೊರಗೆ ನಿಂತು ಫೋನಿನಲ್ಲಿ, "ಹಾರೆ ತೆಗೊಂಡು ಗ್ರೌಂಡಿಗೆ ಬನ್ನಿ ಮಾರಾಯ್ರೆ, ಎಲ್ಲರೂ, ಈಗಲೇ" ಎನ್ನುತ್ತಿದ್ದ. ನಾನು ದಿನಗಟ್ಟಲೆ ನಿಯಮ ಓದಿ ಹೇಳಿದರೂ ಅಲ್ಲಾಡದ ಕಂಬಗಳು ಮಧ್ಯಾಹ್ನದೊಳಗೆ ಮಲಗಿದವು. ನೋಡಿ ಬಂದೆ, ನೆಲದಲ್ಲಿ ನಾಲ್ಕು ಗುಂಡಿ ಮಾತ್ರ ಇತ್ತು. ಕುಲಶೇಖರದಲ್ಲಿ ಶೆಡ್ಡಿನ ಶೀಟುಗಳು ಗೋಡೆಯ ಬದಿಗೆ ಒಂದರ ಮೇಲೊಂದು ಬಿದ್ದಿದ್ದವು, ಅವುಗಳ ಮೇಲೆ ಬೆಕ್ಕು ಮಲಗಿತ್ತು.

ಮೂರು ಗಂಟೆಗೆ ಅವರೆಲ್ಲ ಪುನಃ ಬಂದು ಕಟ್ಟೆಯ ಎದುರು ಮಾತು ಹೇಳಿದರು. ಈಗ ನನ್ನ ಸರದಿ. ಸುಳ್ಳು ಹೇಳಲು ಧೈರ್ಯ ಬರಲಿಲ್ಲ. "ಸೆಕೆಗೆ ತಂತಿ ಕೆಳಗೆ ಬರ್ತದೆ" ಎಂದೆ. "ಎಷ್ಟು ಬಂದ್ರೂ ಅಂಗಳದಲ್ಲಿ ನಡೆಯುವವರಿಗೆ ತಾಗದಷ್ಟು ಎತ್ತರದಲ್ಲಿ ಕಟ್ಟಿದ್ದೇವೆ. ಪ್ರತಿ ಬೇಸಿಗೆ ನಾನೇ ಬಂದು ಅಳೀತೇನೆ."

"ಇಷ್ಟೇ ಹೇಳ್ಲಿಕ್ಕೆ ಇಷ್ಟು ದಿನ ಬೇಕಾಯ್ತಾ?" ಎಂದರು ಅಮ್ಮ. ಮುಚ್ಚಳಿಕೆಗೆ ಸಹಿ ಹಾಕಿ, ಕೊಡಲಿಯವನಿಗೆ ಸನ್ನೆ ಮಾಡಿ ಒಳಗೆ ಹೋದರು. ಮರ ಬೀಳುವಾಗ ಅವರು ಜಗಲಿಗೆ ಬರಲಿಲ್ಲ. ನನಗೂ ಬೇಜಾರಾಯಿತು, ಸುಳ್ಳೇಕೆ.

ಅಷ್ಟು ಹೊತ್ತಿಗೆ ನಮ್ಮ ಸಾಹೇಬರ ಜೀಪು ಬಂತು. ಸಾಹೇಬರು ಇದೇ ಊರಿನವರು, ಈ ಲೈನಿನ ಮೇಲಧಿಕಾರಿಯಾಗಿ ಮೂರು ವರ್ಷ. ಕೈಯಲ್ಲಿ ಸರ್ಟಿಫಿಕೇಟು, ಸಹಿ ಸೀಲು ಆಗಲೇ ಬಿದ್ದಿತ್ತು. ನನ್ನ ವರದಿ ಅದಕ್ಕೆ ಲಗತ್ತಿಸಿದರೆ ಮುಗಿಯಿತು. ಅಮ್ಮ ಹೊರಗೆ ಬಂದು ಅವರಿಗೆ ಮಜ್ಜಿಗೆ ಕೊಟ್ಟರು.

"ನೀವು ಎಂತ ಬರೆದಿದ್ದೀರಿ ಸಾಹೇಬರೇ, ಸ್ವಲ್ಪ ಓದಿ. ನನಗೆ ಅಕ್ಷರ ಕಾಣುದಿಲ್ಲ."

ಸಾಹೇಬರು ಗಟ್ಟಿಯಾಗಿ ಓದಿದರು. "ಸದರಿ ಮಾರ್ಗವನ್ನು ಮೊದಲನೇ ಟವರಿನಿಂದ ಕೊನೆಯ ಟವರಿನವರೆಗೆ ನಾನು ಖುದ್ದಾಗಿ ಕಾಲ್ನಡಿಗೆಯಲ್ಲಿ ಪರಿಶೀಲಿಸಿದ್ದು, ಯಾವುದೇ ಅಡಚಣೆ ಇರುವುದಿಲ್ಲ."

"ಭಾರೀ ಲಾಯ್ಕ ಉಂಟು" ಎಂದರು ಅಮ್ಮ. "ಇವರೆಲ್ಲ ಕಟ್ಟೆಯ ಎದುರು ಹೇಳಿ ಆಯ್ತು. ನೀವೊಬ್ಬರು ಬಾಕಿ. ಚಪ್ಪಲಿ ಅಲ್ಲಿ ಬಿಡಿ."

ಸಾಹೇಬರು ಕಟ್ಟೆ ನೋಡಿದರು. ಸರ್ಟಿಫಿಕೇಟು ನೋಡಿದರು. ಉಳಿದ ಮಜ್ಜಿಗೆ ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟರು. ಕಾಗದವನ್ನು ನಾಲ್ಕಾಗಿ ಮಡಚಿ ಕಿಸೆಗೆ ಹಾಕಿಕೊಂಡರು. ಡ್ರೈವರನಿಗೆ ಜೀಪು ಇಲ್ಲಿಯೇ ಇರಲಿ ಎಂದರು. ಬಗ್ಗಿ ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿದರು. ಆಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿ ಬದಿಗೆ ಕರೆದುಕೊಂಡು ಹೋಗಿ ಕಿವಿಯಲ್ಲಿ ಕೇಳಿದರು:

"ಈ ಮೊದಲನೇ ಟವರ್ ಯಾವ ಬದಿಗೆ ಉಂಟು ಮಾರಾಯ?"